ಸುಲೇಮಾನಿಯೆ ಮಸೀದಿ ಹಗಿಯಾ ಸೋಫಿಯಾದ ನಕಲೇ? ಸಿನಾನ್ ಮಾಡಿದ್ದೇನು?

ಮಲೆನಾಡಿಗ:
ಎಲ್ಲರಿಗೂ ನಮಸ್ಕಾರ. ಇಸ್ತಾಂಬುಲ್ ನೋಡಿ ಬಂದವರ ಬಾಯಲ್ಲಿ ಒಂದು ಮಾತು ಪದೇ ಪದೇ ಕೇಳ್ತೀನಿ: "ಹಗಿಯಾ ಸೋಫಿಯಾ ನೋಡಿದ್ರೆ ಸಾಕು, ಉಳಿದ ದೊಡ್ಡ ಮಸೀದಿಗಳೆಲ್ಲ ಅದರ ನಕಲು." ಕಳೆದ ವರ್ಷ ನಾನು ಹೋದಾಗ ನಮ್ಮ ಗುಂಪಿನ ಗೈಡ್ ಕೂಡ ಸುಲೇಮಾನಿಯೆ ಅಂಗಳದಲ್ಲಿ ನಿಂತು ಇದನ್ನೇ ಹೇಳಿದರು. ಮೇಲ್ನೋಟಕ್ಕೆ ಹೌದು ಅನ್ನಿಸುತ್ತೆ. ನಡುವೆ ದೊಡ್ಡ ಗುಮ್ಮಟ, ಹಿಂದೆ ಮುಂದೆ ಒಂದೊಂದು ಅರೆಗುಮ್ಮಟ, ನಾಲ್ಕು ದಪ್ಪ ಕಂಬ. ಆದರೆ ಒಳಗೆ ಹೋಗಿ ಕೂತಾಗ ಎರಡೂ ಕಟ್ಟಡ ಒಂದೇ ಥರ ಅನ್ನಿಸಲೇ ಇಲ್ಲ. ಹಗಿಯಾ ಸೋಫಿಯಾದಲ್ಲಿ ಗೋಡೆ ಎಲ್ಲಿ ಮುಗಿಯುತ್ತೆ, ಮೇಲಿನ ಭಾರ ಎಲ್ಲಿಗೆ ಹೋಗುತ್ತೆ ಅಂತ ಗೊತ್ತಾಗದ ಒಂದು ಮಬ್ಬು ಇದೆ. ಸುಲೇಮಾನಿಯೆಯಲ್ಲಿ ಎಲ್ಲವೂ ನಿಚ್ಚಳ, ಕೂತಲ್ಲಿಂದಲೇ ಕಟ್ಟಡ ಪೂರ್ತಿ ಅರ್ಥವಾಗುತ್ತೆ. ಈ ವ್ಯತ್ಯಾಸಕ್ಕೆ ಕಾರಣ ಏನು? ಇತಿಹಾಸ ಗೊತ್ತಿರೋರು, ಕಟ್ಟಡ ಕಟ್ಟಿಸೋರು ಇಬ್ಬರೂ ಹೇಳಬೇಕು.

ಇತಿಹಾಸದ ಟೀಚರ್:
ಒಳ್ಳೆಯ ಪ್ರಶ್ನೆ. ಮೊದಲು ಕಾಲವನ್ನು ಕಣ್ಣಮುಂದೆ ಇಟ್ಟುಕೊಳ್ಳೋಣ.

ಹಗಿಯಾ ಸೋಫಿಯಾವನ್ನು ಚರ್ಚಾಗಿ ಕಟ್ಟಿಸಿದ್ದು ಬೈಜಾಂಟಿಯಂ ಚಕ್ರವರ್ತಿ ಜಸ್ಟಿನಿಯನ್, 532ರಿಂದ 537ರವರೆಗೆ, ಐದೇ ವರ್ಷದಲ್ಲಿ. ಮೊದಲ ಗುಮ್ಮಟ 558ರಲ್ಲಿ ಕುಸಿದುಬಿತ್ತು. 562ರ ಹೊತ್ತಿಗೆ ಇನ್ನೂ ಎತ್ತರದ ಗುಮ್ಮಟ ಎದ್ದಿತು. 1453ರಲ್ಲಿ ಒಟ್ಟೋಮನ್ ತುರ್ಕರ ಸುಲ್ತಾನ ಎರಡನೇ ಮೆಹ್ಮೆತ್ ನಗರವನ್ನು ಗೆದ್ದು ಅದನ್ನು ಮಸೀದಿ ಮಾಡಿದ. ಅಲ್ಲಿಂದ ಮುಂದಿನ ಸುಲ್ತಾನರೆಲ್ಲರ ಮುಂದೆ ಆ ಕಟ್ಟಡ ಸವಾಲಾಗಿ ನಿಂತಿತ್ತು. ಅದು ನಿಜ.

ಸುಲೇಮಾನಿಯೆ ಕೆಲಸ ಶುರುವಾಗಿದ್ದು 1550ರಲ್ಲಿ, ಮುಗಿದಿದ್ದು 1557ರಲ್ಲಿ. ಸುಲ್ತಾನ್ ಸುಲೇಮಾನ್ ಆಗ ತನ್ನ ಅಧಿಕಾರದ ತುತ್ತತುದಿಯಲ್ಲಿದ್ದ. ಮುಖ್ಯ ವಾಸ್ತುಶಿಲ್ಪಿ ಸಿನಾನ್. ಕಾಯ್ಸೇರಿ ಹತ್ತಿರದ ಆಗಿರ್ನಾಸ್ ಎಂಬ ಹಳ್ಳಿಯ ಕ್ರೈಸ್ತ ಮನೆಯ ಹುಡುಗ. ಕ್ರೈಸ್ತ ಮನೆಗಳ ಹುಡುಗರನ್ನು ಆರಿಸಿ ಒಯ್ಯುವ ದೆವ್ಶಿರ್ಮೆ ಪದ್ಧತಿಯಲ್ಲಿ ಸುಲ್ತಾನನ ಸೇವೆಗೆ ಸೇರಿ, ಸುಲ್ತಾನನ ಸ್ವಂತ ಕಾಲಾಳು ಪಡೆಯಾದ ಜಾನಿಸರಿಯಲ್ಲಿ ಸೈನಿಕನಾಗಿ, ಸೈನ್ಯಕ್ಕೆ ಸೇತುವೆ ಕಟ್ಟುವ ಎಂಜಿನಿಯರ್ ಆಗಿ ಬೆಳೆದವನು. ಐವತ್ತರ ಆಸುಪಾಸಿನಲ್ಲಿ ಸಾಮ್ರಾಜ್ಯದ ಮುಖ್ಯ ವಾಸ್ತುಶಿಲ್ಪಿಯಾದ. 1588ರಲ್ಲಿ ಸಾಯುವವರೆಗೂ ಅದೇ ಹುದ್ದೆಯಲ್ಲಿದ್ದ.

ನಕಲು ಅನ್ನುವವರಿಗೆ ನನ್ನ ಉತ್ತರ ಒಂದೇ. ಸುಲೇಮಾನಿಯೆಗೆ ಮುಂಚೆ, 1543ರಿಂದ 1548ರ ನಡುವೆ, ಸಿನಾನ್ ಇದೇ ಊರಲ್ಲಿ ಶೆಹ್ಜಾದೆ ಮಸೀದಿ ಕಟ್ಟಿದ್ದ. ಅದರಲ್ಲಿ ನಡುಗುಮ್ಮಟದ ನಾಲ್ಕೂ ಕಡೆ ಅರೆಗುಮ್ಮಟಗಳಿವೆ. ಹಗಿಯಾ ಸೋಫಿಯಾದಲ್ಲಿ ಇರುವುದು ಎರಡೇ. ಅಂದರೆ ಬೇರೆ ದಾರಿ ಅವನಿಗೆ ಗೊತ್ತಿತ್ತು, ಮಾಡಿಯೂ ತೋರಿಸಿದ್ದ. ಆಮೇಲೆ ಸುಲೇಮಾನಿಯೆಯಲ್ಲಿ ಎರಡು ಅರೆಗುಮ್ಮಟದ ವಿನ್ಯಾಸಕ್ಕೆ ಮರಳಿದ್ದು ಬೇಕೆಂದೇ ಮಾಡಿದ ಆಯ್ಕೆ. ಸುಲ್ತಾನನ ಅಜ್ಜ ಎರಡನೇ ಬಾಯೆಜಿದ್ ಕಟ್ಟಿಸಿದ ಮಸೀದಿ 1506ರಲ್ಲೇ ಇದೇ ಮಾದರಿಯಲ್ಲಿ ಎದ್ದಿತ್ತು. ಹಾಗಾಗಿ ಅದು ಆ ಹೊತ್ತಿಗೆ ಒಟ್ಟೋಮನ್ ಮನೆತನದ ಸ್ವಂತ ಮಾದರಿಯೂ ಆಗಿತ್ತು.

ಗುಮ್ಮಟಪುರ:
ನಮಸ್ಕಾರ್ರಿ. ವಿಜಯಪುರದಾಗ ಸಿವಿಲ್ ಕೆಲಸ ಮಾಡ್ತೀನಿ, ಹಳೇ ಕಟ್ಟಡ ದುರಸ್ತಿ ಅಂದ್ರ ನನಗ ಜೀವ. ಭಾರದ ಲೆಕ್ಕ ನಾ ಹೇಳ್ತೀನಿ.

ಗುಮ್ಮಟ ಅಂದ್ರ ಬರೇ ಕೆಳಗ ಒತ್ತೂದಿಲ್ಲ, ಹೊರಗೂ ಒದೀತದ. ಎರಡು ಕಾಲಿನ ಏಣಿ ನಿಲ್ಲಿಸಿದಾಗ ನುಣುಪು ನೆಲದ ಮ್ಯಾಲೆ ಕಾಲು ಅಗಲ ಆಗ್ತಾವಲ್ಲ, ಹಂಗ. ಆ ಒದೆತ ಯಾರು ತಡೀಬೇಕು ಅನ್ನೂದೇ ಎಲ್ಲಾ ಗುಮ್ಮಟದ ಪ್ರಶ್ನೆ. ಹಗಿಯಾ ಸೋಫಿಯಾದಾಗ ಉದ್ದದ ದಿಕ್ಕಿಗೆ ಎರಡು ಅರೆಗುಮ್ಮಟ ಅದನ್ನ ಹಿಡ್ಕೊಂಡಾವ. ಅಡ್ಡ ದಿಕ್ಕಿಗೆ ಅರೆಗುಮ್ಮಟ ಇಲ್ಲ. ಹಿಂಗಾಗಿ ಆ ಕಡೆ ಕಂಬ ಹೊರಗ ವಾಲ್ಯಾವ, ಆಸರೆಗೋಡಿ ಮ್ಯಾಲೆ ಆಸರೆಗೋಡಿ ಕಟ್ಟಿಕೋತ ಬಂದಾರ. ಮುಂದ 1573ರ ಸುಮಾರಿಗೆ ಸಿನಾನನೇ ಅದಕ್ಕ ಆಸರೆ ಕಟ್ಟಿದ. ಅಂದ್ರ ಆ ಕಟ್ಟಡದ ರೋಗ ಯಾವುದು ಅಂತ ಅವನಷ್ಟು ತಿಳಕೊಂಡವರು ಮತ್ತೊಬ್ಬರಿರಲಿಲ್ಲ.

ಈಗ ಸುಲೇಮಾನಿಯೆ. ಅಲ್ಲೂ ಅಡ್ಡ ದಿಕ್ಕಿಗೆ ಅರೆಗುಮ್ಮಟ ಇಲ್ಲ. ಆದ್ರ ಆಸರೆಗೋಡಿನ ಮೊದಲಿಂದಲೇ ನಕ್ಷೆದಾಗ ಸೇರಿಸ್ಯಾನ. ಗೋಡಿಯ ಒಳಗ ಅರ್ಧ, ಹೊರಗ ಅರ್ಧ. ಹೊರಗ ಕಾಣೂ ಭಾಗದ ನಡುವ ಎರಡಂತಸ್ತಿನ ಪಡಸಾಲಿ ಮಾಡಿ, ಮ್ಯಾಲೆ ಅಗಲ ಸೂರು ಇಳಿಸಿ, ಕೆಳಗ ವುಜೂ ಮಾಡೂ ನಳ ಸಾಲಾಗಿ ಇಟ್ಟಾನ. ಜನ ಅಲ್ಲಿ ನೆರಳಿಗೆ ಕೂತು ಕೈಕಾಲು ತೊಳೀತಾರ. ತಾವು ಕೂತಿದ್ದು ಗುಮ್ಮಟ ಹಿಡಿದು ನಿಂತ ಆಸರೆಗೋಡಿಯ ಸಂದ್ಯಾಗ ಅಂತ ಯಾರಿಗೂ ಅನ್ನಿಸೂದಿಲ್ಲ. ಇದಕ್ಕ ನಕಲು ಅಂತಾರೇನ್ರಿ? ಹಳೇ ಕಟ್ಟಡದ ರೋಗ ತಿಳಕೊಂಡು ಹೊಸಾದಕ್ಕ ಮೊದಲೇ ಮದ್ದು ಹಾಕಿದಂಗ ಇದು.

ನಾಲ್ಕು ದೊಡ್ಡ ಕಂಬದ ತಲೀ ಮ್ಯಾಲೆ ಹೊರಗ ಎತ್ತರದ ಗೋಪುರ ಕಾಣ್ತಾವಲ್ಲ, ಅವು ಬರೇ ಅಲಂಕಾರ ಅಲ್ಲ. ಮ್ಯಾಲಿಂದ ಭಾರ ಹೇರಿದ್ರ ಹೊರಗಿನ ಒದೆತ ಕೆಳಗ ತಿರುಗ್ತದ.

ಕಡಲತಡಿ:
ಎಂಜಿನಿಯರ್ ಸರ್ ಹೇಳಿದ್ದಕ್ಕೆ ಇನ್ನೊಂದು ಕಾರಣ ಸೇರಿಸುತ್ತೇನೆ. ನಾನು ದಕ್ಷಿಣ ಕನ್ನಡದವನು, ಇಸ್ತಾಂಬುಲಿಗೆ ಕೆಲಸದ ಮೇಲೆ ಹೋದಾಗ ಅಲ್ಲಿ ಜುಮ್ಮಾ ನಮಾಜು ಮಾಡಿದ್ದೇನೆ.

ಚರ್ಚಿನಲ್ಲಿ ಜನ ಉದ್ದಕ್ಕೆ ನೋಡುತ್ತಾರೆ, ಪೂಜಾಸ್ಥಳದ ಕಡೆಗೆ ಒಂದು ದಾರಿ ಇದ್ದ ಹಾಗೆ. ಅಕ್ಕಪಕ್ಕದ ಪಡಸಾಲೆ ಬೇರೆಯೇ ಇದ್ದರೂ ತೊಂದರೆ ಇಲ್ಲ. ನಮಾಜಿಗೆ ಬೇಕಾದದ್ದು ಅಡ್ಡಕ್ಕೆ ಉದ್ದವಾದ ಸಾಲು. ಒಬ್ಬರ ಭುಜಕ್ಕೆ ಒಬ್ಬರ ಭುಜ ತಾಗಿ ನಿಲ್ಲಬೇಕು, ಸಾಲು ಕಂಬಗಳಿಂದ ತುಂಡಾಗಬಾರದು, ಇಮಾಮರ ದನಿ ಕೊನೆಯ ಸಾಲಿಗೂ ಮುಟ್ಟಬೇಕು. ಹಗಿಯಾ ಸೋಫಿಯಾದಲ್ಲಿ ಎರಡೂ ಬದಿಯಲ್ಲಿ ಕಂಬಗಳ ಸಾಲು ಪರದೆಯ ಹಾಗೆ ನಿಂತಿದೆ. ಸುಲೇಮಾನಿಯೆಯಲ್ಲಿ ಸಿನಾನ್ ಒಂದೊಂದು ಬದಿಗೆ ಎರಡೇ ಭಾರೀ ಗ್ರಾನೈಟ್ ಕಂಬ ಇಟ್ಟು ಮೂರು ಎತ್ತರದ ಕಮಾನು ಬಿಟ್ಟ. ಅದರಾಚೆ ಬದಿಯ ಪಡಸಾಲೆ ಮೇಲೆ ಐದೈದು ಸಣ್ಣ ಗುಮ್ಮಟ, ಒಂದು ದೊಡ್ಡದು ಒಂದು ಚಿಕ್ಕದು ಹೀಗೆ ಒಂದಾದ ಮೇಲೊಂದು. ಬದಿಯಲ್ಲಿ ನಿಂತವನಿಗೂ ನಡುವೆಯೇ ನಿಂತ ಹಾಗೆ ಆಗುತ್ತದೆ. ಮಲೆನಾಡಿಗರೇ, ನಿಮಗೆ "ನಿಚ್ಚಳ" ಅನ್ನಿಸಿದ್ದು ಇದಕ್ಕೇ ಇರಬೇಕು. ಪ್ರಾರ್ಥನೆಯ ರೀತಿ ಬೇರೆಯಾದಾಗ ಕಟ್ಟಡದ ಒಳಗೂ ಬೇರೆ ಆಗಲೇಬೇಕಲ್ವಾ ಮಾರಾಯ್ರೆ.

ಇತಿಹಾಸದ ಟೀಚರ್:
ಕಡಲತಡಿ ಅವರ ಮಾತು ತೂಕದ್ದು. ಆ ನಾಲ್ಕು ಗ್ರಾನೈಟ್ ಕಂಬಗಳ ಬಗ್ಗೆಯೂ ಹೇಳಲೇಬೇಕು. ಸಿನಾನ್ ಮುಪ್ಪಿನಲ್ಲಿ ತನ್ನ ಗೆಳೆಯ, ಕವಿ ಸಾಯಿ ಮುಸ್ತಫಾ ಚೆಲೆಬಿಗೆ ಹೇಳಿ ಬರೆಸಿದ ನೆನಪುಗಳಲ್ಲಿ ಅವುಗಳ ಮೂಲ ಬರುತ್ತದೆ. ಒಂದು ಇಸ್ತಾಂಬುಲಿನಲ್ಲೇ ನಿಂತಿದ್ದ ಹಳೆಯ ಸ್ತಂಭ, ಒಂದು ಅರಮನೆಯ ಆವರಣದ್ದು, ಒಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾದಿಂದ ಹಡಗಿನಲ್ಲಿ ಬಂದದ್ದು, ಒಂದು ಲೆಬನಾನಿನ ಬಾಲ್‌ಬೆಕ್‌ನಿಂದ. ಬಾಲ್‌ಬೆಕ್ ಎಂದರೆ ಪ್ರವಾದಿ ಸುಲೇಮಾನರ ಅರಮನೆಯಿದ್ದ ಜಾಗ ಎಂಬ ನಂಬಿಕೆ ಆ ಕಾಲದಲ್ಲಿತ್ತು. ಸುಲ್ತಾನ ಅವರ ಹೆಸರಿನವನೇ. ಅಷ್ಟು ದೂರದಿಂದ ಅಷ್ಟು ಭಾರದ ಕಲ್ಲು ತರಿಸಿದ್ದರ ಹಿಂದೆ ಕಲ್ಲಿನ ಅಗತ್ಯದಷ್ಟೇ ರಾಜಕೀಯವೂ ಇತ್ತು.

ವಾಸ್ತು ವಿದ್ಯಾರ್ಥಿ:
ನಾನು ಮೈಸೂರಲ್ಲಿ ಆರ್ಕಿಟೆಕ್ಚರ್ ಮೂರನೇ ವರ್ಷ. ಅಳತೆಗಳನ್ನ ಯಾರಾದ್ರೂ ಹೇಳ್ತೀರಾ? ಗೋಳಗುಮ್ಮಟದ ಜೊತೆ ಹೋಲಿಸಿದ್ರೆ ಸುಲೇಮಾನಿಯೆ ಗುಮ್ಮಟ ಎಷ್ಟು ದೊಡ್ಡದು?

ಗುಮ್ಮಟಪುರ:
ತಮ್ಮಾ, ಸುಲೇಮಾನಿಯೆ ಗುಮ್ಮಟದ ಅಡ್ಡಳತೆ ಸುಮಾರು 26.5 ಮೀಟರ್, ನೆಲದಿಂದ ನೆತ್ತಿತನಕ ಎತ್ತರ ಸುಮಾರು 53 ಮೀಟರ್. ಅಂದ್ರ ಅಗಲದ ಎರಡರಷ್ಟು ಎತ್ತರ. ಹಗಿಯಾ ಸೋಫಿಯಾದ ಗುಮ್ಮಟ ಸುಮಾರು 31 ಮೀಟರ್ ಅಗಲ, 55 ಮೀಟರಿಗಿಂತ ಒಂಚೂರು ಹೆಚ್ಚು ಎತ್ತರ. ನಮ್ಮ ಗೋಳಗುಮ್ಮಟ ಸುಲೇಮಾನಿಯೆ ಆಗಿ ನೂರು ವರ್ಷದ ಮ್ಯಾಲಿಂದು. ಮಹಮ್ಮದ್ ಆದಿಲ್ ಶಾಹ ತೀರಿಕೊಂಡ 1656ರ ಹೊತ್ತಿನದು. ಹೊರಗಿನ ಅಡ್ಡಳತೆ 44 ಮೀಟರ್, ಒಳಗ ಸುಮಾರು 38. ಬುಡದಾಗ ಗೋಡಿ ದಪ್ಪ ಸುಮಾರು 3 ಮೀಟರ್. ಅಗಲದಾಗ ನಮ್ಮದು ಎರಡನ್ನೂ ಮೀರಿಸ್ತದ.

ಆದ್ರ ಅಗಲ ನೋಡಿ ಹೆಚ್ಚು ಕಡಿಮಿ ಅನಬ್ಯಾಡ. ಉಪಾಯ ಬ್ಯಾರೆ ಬ್ಯಾರೆ ಅದಾವ. ಗೋಳಗುಮ್ಮಟದಾಗ ಅರೆಗುಮ್ಮಟ ಇಲ್ಲ, ಒಳಗ ಒಂದೂ ಕಂಬ ಇಲ್ಲ. ಎಂಟು ಕಮಾನು ಒಂದನ್ನೊಂದು ಕತ್ತರಿಸಿಕೊಂಡು ಚೌಕವನ್ನ ಒಳಗ ಎಳೀತಾವ. ಆ ಒಳಚಾಚಿನ ಭಾರ ಒಳಗ ಎಳದಾಗ ಗುಮ್ಮಟದ ಹೊರ ಒದೆತ ಅಲ್ಲೇ ಸರಿದೂಗ್ತದ. ಮ್ಯಾಲೆ ದಪ್ಪ ಗೋಡಿನೂ ಅದಾವ. ನಮ್ಮಲ್ಲಿ ಒಂದೇ ದೊಡ್ಡ ಚೌಕ ಕ್ವಾಣಿ, ಒಬ್ಬ ಸುಲ್ತಾನನ ಗೋರಿ. ಅಲ್ಲಿ ಸಾವಿರಾರು ಮಂದಿ ಸಾಲಾಗಿ ನಿಲ್ಲೂ ಜಾಗ, ಗೋಡಿಗೆ ಕಿಟಕಿ ಬೇಕು, ಬೆಳಕು ಬೇಕು. ನಡುಗುಮ್ಮಟದ ಬುಡದಾಗ ಸುತ್ತಲೂ 32 ಕಿಟಕಿ ಬಿಟ್ಟಾನ ಸಿನಾನ್. ಗುಮ್ಮಟದ ಬುಡ ಅಂದ್ರ ಒದೆತ ಎಲ್ಲಕ್ಕಿಂತ ಜೋರಿರೂ ಜಾಗ. ಅಲ್ಲೇ ಕಿಟಕಿ ತೂತು ಕೊರೀಬೇಕಂದ್ರ ಎದಿಗಾರಿಕಿ ಬೇಕ್ರಿ.

ಇನ್ನ ದನಿ ಮಾತು. ಗೋಳಗುಮ್ಮಟದ ಪಿಸುಗುಟ್ಟೂ ಗ್ಯಾಲರಿ ಎಲ್ಲರಿಗೂ ಗೊತ್ತು, ಒಂದು ಮಾತು ಆಡಿದ್ರ ಮತ್ತ ಮತ್ತ ಕೇಳಸ್ತದ. ಮಸೀದಿಯೊಳಗ ಹಂಗ ಆದ್ರ ಇಮಾಮರ ಮಾತು ಕಲಸಿ ಹೋಗ್ತದ. ಅದಕ್ಕ ಸುಲೇಮಾನಿಯೆ ಗುಮ್ಮಟದಾಗ ಮಣ್ಣಿನ ಗಡಿಗಿ ಹೂತಿಟ್ಟಾರ, ಬಾಯಿ ಒಳಗಿನ ಕಡೆ ತೆರದಿರೂ ಹಂಗ. ಅವು ದನಿ ಹದ ಮಾಡ್ತಾವ.

ವಾಸ್ತು ವಿದ್ಯಾರ್ಥಿ:
ತುಂಬ ಥ್ಯಾಂಕ್ಸ್ ಸರ್. ದನಿ ಅಂದ ಕೂಡಲೇ ನೆನಪಾಯ್ತು. ಸಿನಾನ್ ಗುಮ್ಮಟದ ಕೆಳಗೆ ಕೂತು ಹುಕ್ಕಾ ಸೇದ್ತಿದ್ದ, ಸುಲ್ತಾನನಿಗೆ ಯಾರೋ ಚಾಡಿ ಹೇಳಿದ್ರು, ಬಂದು ನೋಡಿದ್ರೆ ಹುಕ್ಕಾದಲ್ಲಿ ತಂಬಾಕೇ ಇರಲಿಲ್ಲ, ನೀರಿನ ಗುಳುಗುಳು ಸದ್ದಿನಿಂದ ದನಿ ಪರೀಕ್ಷೆ ಮಾಡ್ತಿದ್ದ ಅಂತ ಓದಿದ್ದೆ. ಇದು ನಿಜಾನಾ?

ಇತಿಹಾಸದ ಟೀಚರ್:
ಈ ಕಥೆ ಎಲ್ಲ ಕಡೆ ಓಡಾಡುತ್ತಿದೆ, ಆದರೆ ನಿಲ್ಲುವುದಿಲ್ಲ. ತಂಬಾಕು ಒಟ್ಟೋಮನ್ ನಾಡಿಗೆ ಬಂದದ್ದೇ 1600ರ ಆಸುಪಾಸಿನಲ್ಲಿ. 1550ರ ದಶಕದಲ್ಲಿ ಸಿನಾನನ ಕೈಯಲ್ಲಿ ಹುಕ್ಕಾ ಇರಲು ಸಾಧ್ಯವಿಲ್ಲ, ಅದರಲ್ಲಿ ತಂಬಾಕಿಲ್ಲವೆಂದು ಸುಲ್ತಾನ ಬೆರಗಾಗಲೂ ಸಾಧ್ಯವಿಲ್ಲ.

ಇದಕ್ಕಿಂತ ಚೆನ್ನಾಗಿರುವ, ಸಿನಾನನ ನೆನಪುಗಳಲ್ಲೇ ಇರುವ ಪ್ರಸಂಗವೊಂದಿದೆ. ಕೆಲಸ ತಡವಾಗುತ್ತಿದೆ, ಗುಮ್ಮಟ ನಿಲ್ಲುವುದೇ ಅನುಮಾನ ಎಂದು ಆಗದವರು ಗುಲ್ಲೆಬ್ಬಿಸಿದರು. ಸುಲ್ತಾನ ಸಿಟ್ಟಿನಿಂದ ಬಂದು ಯಾವಾಗ ಮುಗಿಯುತ್ತದೆ ಎಂದು ಕೇಳಿದ. ಸಿನಾನ್ ಎರಡು ತಿಂಗಳು ಎಂದುಬಿಟ್ಟ. ಇವನಿಗೆ ಬುದ್ಧಿ ಕೆಟ್ಟಿದೆ ಎಂದರು ಸುತ್ತಲಿದ್ದವರು. ಹೇಳಿದ ಗಡುವಿಗೆ ಕೆಲಸ ಮುಗಿಸಿ ಬೀಗದ ಕೈ ಸುಲ್ತಾನನಿಗೆ ಒಪ್ಪಿಸಿದ. ಬಾಗಿಲು ತೆರೆಯುವ ಗೌರವ ಕಟ್ಟಿದವನಿಗೇ ಸಲ್ಲಬೇಕೆಂದು ಸುಲ್ತಾನ ಬೀಗದ ಕೈಯನ್ನು ಅವನಿಗೇ ತಿರುಗಿ ಕೊಟ್ಟ. ಇದು ಸಿನಾನನದೇ ಹೇಳಿಕೆಯಾದ್ದರಿಂದ ಸ್ವಲ್ಪ ಬಣ್ಣ ಇದ್ದೀತು. ಆದರೂ ಒಬ್ಬ ಕಟ್ಟಡಗಾರ ತನ್ನ ಬದುಕಿನಲ್ಲಿ ಯಾವ ಗಳಿಗೆಯನ್ನು ನೆನಪಿಡಲು ಬಯಸಿದ ಎನ್ನುವುದು ಇದರಿಂದ ತಿಳಿಯುತ್ತದೆ. ಹುಕ್ಕಾ ಕಥೆಯಿಂದ ಏನೂ ತಿಳಿಯುವುದಿಲ್ಲ.

ಮಲೆನಾಡಿಗ:
ಮೇಡಂ, ಮಿನಾರಿನ ಗಾರೆಯಲ್ಲಿ ರತ್ನ ಅರೆದು ಹಾಕಿದ್ದಾರೆ ಅಂತಲೂ ಹೇಳ್ತಾರೆ. ಇರಾನಿನ ಶಾ ತಹ್ಮಾಸ್ಪ್ ಕಳಿಸಿದ್ದಂತೆ. ಅದು?

ಇತಿಹಾಸದ ಟೀಚರ್:
ಹದಿನೇಳನೇ ಶತಮಾನದ ಪ್ರವಾಸಿ ಎವ್ಲಿಯಾ ಚೆಲೆಬಿ ಹೇಳುವ ಕಥೆ ಅದು. ಹಣ ಸಾಲದೆ ಕೆಲಸ ನಿಂತಿದೆ ಎಂದು ತಿಳಿದ ಶಾ ಹಂಗಿಸಲಿಕ್ಕೆ ಒಂದು ಪೆಟ್ಟಿಗೆ ಒಡವೆ ಕಳಿಸಿದನಂತೆ, ಸುಲ್ತಾನ ಅದನ್ನು ಸಿನಾನನಿಗೆ ಕೊಟ್ಟು ಕಲ್ಲಿನೊಂದಿಗೆ ಸೇರಿಸು ಎಂದನಂತೆ. ಎರಡು ರಾಜ್ಯಗಳ ನಡುವಿನ ವೈರ ಎಷ್ಟಿತ್ತು ಎನ್ನುವುದಕ್ಕೆ ಅದು ಸಾಕ್ಷಿ. ಗಾರೆಯ ವಿಷಯಕ್ಕೆ ಸಾಕ್ಷಿಯಲ್ಲ.

ಮಿನಾರುಗಳ ಬಗ್ಗೆ ಹೇಳಬೇಕಾದದ್ದು ಬೇರೆ. ಒಟ್ಟು ನಾಲ್ಕು ಮಿನಾರು, ಅವುಗಳಲ್ಲಿ ಒಟ್ಟು ಹತ್ತು ಸುತ್ತುಬಾಲ್ಕನಿ. ನಗರ ಗೆದ್ದ ಮೇಲಿನ ನಾಲ್ಕನೇ ಸುಲ್ತಾನ, ವಂಶದಲ್ಲಿ ಹತ್ತನೆಯವನು ಸುಲೇಮಾನ್ ಎಂಬುದಕ್ಕೆ ಆ ಸಂಖ್ಯೆಗಳು ಎಂದು ಹಿಂದಿನಿಂದ ಹೇಳಿಕೊಂಡು ಬಂದಿದ್ದಾರೆ.

ನನ್ನ ಮಟ್ಟಿಗೆ ಈ ಕಟ್ಟಡದ ನಿಜವಾದ ನಿಧಿ ಅದರ ಲೆಕ್ಕದ ಪುಸ್ತಕಗಳು. ವಾರವಾರದ ಹಾಜರಿ, ಕೂಲಿ, ಯಾರು ಯಾವ ಊರಿನವರು, ಯಾವ ಕಸುಬಿನವರು, ಎಲ್ಲ ಬರೆದಿಟ್ಟಿದ್ದಾರೆ. ತುರ್ಕಿಯ ಆರ್ಥಿಕ ಇತಿಹಾಸಕಾರ ಓಮರ್ ಲುತ್ಫಿ ಬರ್ಕಾನ್ ಅವನ್ನು ಕೂಲಂಕಷವಾಗಿ ಓದಿ ಪ್ರಕಟಿಸಿದರು. ಕುಶಲಕರ್ಮಿಗಳಲ್ಲಿ ಅರ್ಧದಷ್ಟು ಜನ ಕ್ರೈಸ್ತರು, ಅರ್ಧದಷ್ಟು ಮುಸ್ಲಿಮರು. ಕಲ್ಲುಕುಟಿಗರು, ಬಡಗಿಗಳು, ಕಮ್ಮಾರರು ಒಂದೇ ಅಟ್ಟಣಿಗೆಯ ಮೇಲೆ ಹೆಗಲು ಕೊಟ್ಟಿದ್ದಾರೆ. ಗುಲಾಮರಿಂದ ದುಡಿಸಿ ಕಟ್ಟಿದ್ದು ಎಂದು ಕೆಲವರು ಸಲೀಸಾಗಿ ಹೇಳಿಬಿಡುತ್ತಾರೆ. ಲೆಕ್ಕ ನೋಡಿದರೆ ಗುಲಾಮರ ಪಾಲು ತೀರಾ ಸಣ್ಣದು. ಅರ್ಧಕ್ಕಿಂತ ಹೆಚ್ಚಿನ ಕೆಲಸ ಮಾಡಿದವರು ಕೂಲಿ ಪಡೆದ ಸ್ವತಂತ್ರ ಕೆಲಸಗಾರರು, ಉಳಿದದ್ದರಲ್ಲಿ ಬಹುಪಾಲು ಸೈನ್ಯಕ್ಕೆ ತರಬೇತಾಗುತ್ತಿದ್ದ ಹುಡುಗರು. ಸುಲ್ತಾನನ ಹೆಸರು ಬಾಗಿಲ ಮೇಲಿನ ಶಾಸನದಲ್ಲಿದೆ. ಕಲ್ಲು ಹೊತ್ತವರ ಹೆಸರು ಈ ಕಡತಗಳಲ್ಲಿ ಉಳಿದಿದೆ. ಹದಿನಾರನೇ ಶತಮಾನದ ಯಾವುದೇ ದೊಡ್ಡ ಕಟ್ಟಡಕ್ಕೆ ಇಷ್ಟು ಲೆಕ್ಕ ಉಳಿದಿರುವುದು ಅಪರೂಪ. ನಮ್ಮ ಊರುಗಳ ಕಟ್ಟಡಗಳಿಗೂ ಹೀಗೆ ಉಳಿದಿದ್ದರೆ ಎಂದು ಆಸೆಯಾಗುತ್ತದೆ.

ಗುಮ್ಮಟಪುರ:
ಮೇಡಂ ಹೇಳಿದ್ದು ಓದಿ ಎದಿ ತುಂಬಿ ಬಂತ್ರಿ. ಸಾಮಾನಿನ ಬಗ್ಗೆ ಒಂದೆರಡು ಮಾತು. ಗೋಡಿಗೆ ಇಸ್ತಾಂಬುಲ್ ಹತ್ತಿರದ ಗಣಿಯ ಸುಣ್ಣದಕಲ್ಲು, ಅವರು ಕುಫೆಕಿ ಅಂತಾರ. ಗಣಿಯಿಂದ ತೆಗದಾಗ ಮೆತ್ತಗಿದ್ದು, ಗಾಳಿಗೆ ಇಟ್ಟಂಗೆಲ್ಲ ಗಟ್ಟಿ ಆಗ್ತದ. ಅಮೃತಶಿಲೆ ಮರ್ಮರ ದ್ವೀಪದ್ದು. ಕಲ್ಲಿಗೆ ಕಲ್ಲು ಬೆಸೀಲಿಕ್ಕೆ ಕಬ್ಬಿಣದ ಕೊಂಡಿ ಇಟ್ಟು ಕುದಿಯೂ ಸೀಸ ಹೊಯ್ಯೂದು. ಗುಮ್ಮಟ ಪೂರಾ ಇಟ್ಟಂಗಿ, ಮ್ಯಾಲೆ ಸೀಸದ ತಗಡು. ಗಾರೆ ಖೊರಾಸಾನಿ ಅಂತಾರ, ಅಂದ್ರ ಸುಣ್ಣಕ್ಕ ಇಟ್ಟಂಗಿ ಪುಡಿ ಬೆರಸಿದ್ದು. ನಮ್ಮ ಸುರ್ಕಿ ಗಾರಿನೇ. ಹಳೇ ಕಟ್ಟಡಕ್ಕ ಸಿಮೆಂಟ್ ಮೆತ್ತೂ ಗುತ್ತಿಗೆದಾರರಿಗೆ ನಾ ಇದನ್ನೇ ಹೇಳಿಕೋತ ಬಂದೀನಿ: ಸುರ್ಕಿ ನಿಧಾನ ಗಟ್ಟಿ ಆಗ್ತದ, ಕಟ್ಟಡ ಒಂಚೂರು ಕದಲಿದ್ರೂ ತಡಕೋತದ, ನೀರ ಹಬಿ ಹೊರಗ ಬಿಡ್ತದ.

ವಾಸ್ತು ವಿದ್ಯಾರ್ಥಿ:
ಒಂದು ಡೌಟು. ಬಿಜಾಪುರಕ್ಕೂ ಒಟ್ಟೋಮನ್ನರಿಗೂ ಸಂಬಂಧ ಇತ್ತಾ? ಗೋಳಗುಮ್ಮಟ ಕಟ್ಟೋಕೆ ಅಲ್ಲಿಂದ ಕುಶಲಕರ್ಮಿಗಳು ಬಂದಿದ್ರಾ?

ಇತಿಹಾಸದ ಟೀಚರ್:
ಗೋಳಗುಮ್ಮಟದ ಕಮಾನು ಜೋಡಣೆ ಇರಾನ್, ಮಧ್ಯ ಏಷ್ಯಾ ಮತ್ತು ದಖ್ಖನಿನ ಪರಂಪರೆಯದು, ಸಿನಾನನ ದಾರಿಯಲ್ಲ. ಆದಿಲ್ ಶಾಹಿ ವಂಶದ ಮೂಲಪುರುಷ ಯೂಸುಫ್ ಒಟ್ಟೋಮನ್ ಸುಲ್ತಾನ ಎರಡನೇ ಮುರಾದನ ಮಗ ಎಂದು ಬಿಜಾಪುರದ ಆಸ್ಥಾನದಲ್ಲಿದ್ದ ಚರಿತ್ರೆಕಾರ ಫರಿಶ್ತಾ ಬರೆದಿದ್ದಾನೆ. ಇತಿಹಾಸಕಾರರು ಅದನ್ನು ಒಪ್ಪುವುದಿಲ್ಲ. ಗಟ್ಟಿ ಸಂಬಂಧ ಇರುವುದು ಫಿರಂಗಿಯಲ್ಲಿ. ವಿಜಯಪುರದ ಮಲಿಕ್-ಎ-ಮೈದಾನ್ ತೋಪನ್ನು 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದವನು ಒಬ್ಬ ರೂಮಿ, ಅಂದರೆ ಒಟ್ಟೋಮನ್ ನಾಡಿನಿಂದ ಬಂದ ತುರ್ಕ. ಸುಲೇಮಾನಿಯೆ ಅಡಿಪಾಯಕ್ಕೆ ಹಿಂದಿನ ವರ್ಷ.

ಕಡಲತಡಿ:
ಎಲ್ಲರೂ ಗುಮ್ಮಟದ ಬಗ್ಗೆಯೇ ಹೇಳುತ್ತಿದ್ದೀರಿ. ನನಗೆ ಸುಲೇಮಾನಿಯೆ ಅಂದರೆ ಸುತ್ತಲಿನ ಕೇರಿ. ಮಸೀದಿ ಆ ಊರಿನ ಮೂರನೇ ಗುಡ್ಡದ ಮೇಲಿದೆ, ಹಳೆಯ ಅರಮನೆಯ ತೋಟದ ಜಾಗ. ಗುಡ್ಡ ಗೋಲ್ಡನ್ ಹಾರ್ನ್ ಎಂಬ ಕಡಲ ಚಾಚಿನ ಕಡೆಗೆ ಇಳಿಯುತ್ತದೆ, ಹಾಗಾಗಿ ತಡೆಗೋಡೆ ಕಟ್ಟಿ ಮೆಟ್ಟಿಲು ಮೆಟ್ಟಿಲಾಗಿ ಮದರಸಾಗಳನ್ನು ಇಳಿಸಿದ್ದಾರೆ. ನಾಲ್ಕು ಮದರಸಾ, ಹದೀಸ್ ಕಲಿಸುವ ಶಾಲೆ, ವೈದ್ಯಶಾಲೆ, ಅದರ ಎದುರಿಗೆ ಆಸ್ಪತ್ರೆ, ಬಡವರಿಗೂ ಪ್ರಯಾಣಿಕರಿಗೂ ಊಟ ಹಾಕುವ ಅಡುಗೆಮನೆ, ಛತ್ರ, ಹಮಾಮು. ಇದೆಲ್ಲ ನಡೆದದ್ದು ವಕ್ಫಿನ ಆದಾಯದಿಂದ. ಸುಲ್ತಾನ ಹಳ್ಳಿಗಳ ಉತ್ಪನ್ನ, ಅಂಗಡಿಗಳ ಬಾಡಿಗೆ ಬರೆದುಕೊಟ್ಟಿದ್ದ. ಮದರಸಾಗಳಲ್ಲಿ ಈಗ ಸುಲೇಮಾನಿಯೆ ಗ್ರಂಥಾಲಯ ಉಂಟು, ಇಸ್ಲಾಮಿಕ್ ಹಸ್ತಪ್ರತಿಗಳಿಗೆ ಜಗತ್ತಿನಲ್ಲೇ ದೊಡ್ಡ ಭಂಡಾರಗಳಲ್ಲಿ ಒಂದು. ಮಸೀದಿಯ ಎದುರಿನ ಬೀದಿಯ ಅಂಗಡಿಗಳಲ್ಲಿ ಹಿಂದೆ ಅಫೀಮು ತಿನ್ನುವವರು ಕೂಡುತ್ತಿದ್ದರಂತೆ. ಈಗ ಅಲ್ಲಿ ಬಿಳಿ ಬೀನ್ಸ್ ಸಾರು, ಅನ್ನ ಸಿಗುತ್ತದೆ. ಜುಮ್ಮಾ ಆದ ಮೇಲೆ ಜಾಗ ಸಿಗುವುದೇ ಕಷ್ಟ.

ಮಲೆನಾಡಿಗ:
ಆ ಬೀನ್ಸ್ ನಾನೂ ತಿಂದೆ, ತುಂಬಾ ರುಚಿ! ಒಳಗಿನ ಚಿತ್ತಾರ ಎಲ್ಲ ಸಿನಾನನ ಕಾಲದ್ದೇನಾ?

ಇತಿಹಾಸದ ಟೀಚರ್:
ಎಲ್ಲವೂ ಅಲ್ಲ. 1660ರ ಬೆಂಕಿಯಲ್ಲಿ ಮಸೀದಿಗೆ ಪೆಟ್ಟಾಯಿತು, 1766ರ ಭೂಕಂಪದಲ್ಲಿ ಗುಮ್ಮಟದ ಒಂದು ಭಾಗ ಬಿತ್ತು. 19ನೇ ಶತಮಾನದಲ್ಲಿ ಸ್ವಿಸ್ ವಾಸ್ತುಶಿಲ್ಪಿಗಳಾದ ಫೊಸ್ಸಾತಿ ಸಹೋದರರು ಯುರೋಪಿನ ಬರೋಕ್ ಶೈಲಿಯ ಬಣ್ಣ ಹಚ್ಚಿದರು. ಮೊದಲ ಮಹಾಯುದ್ಧದಲ್ಲಿ ಅಂಗಳವನ್ನು ಮದ್ದುಗುಂಡಿನ ಉಗ್ರಾಣ ಮಾಡಿ ಮತ್ತೆ ಬೆಂಕಿ ಬಿತ್ತು. 1956ರ ಹೊತ್ತಿಗೆ ಒಂದು ದುರಸ್ತಿ, 2007ರಿಂದ 2010ರವರೆಗೆ ಇನ್ನೊಂದು. ಆದರೆ ಮೆಕ್ಕಾದ ದಿಕ್ಕು ತೋರಿಸುವ ಗೋಡೆಗೂಡಾದ ಮಿಹ್ರಾಬಿನ ಅಕ್ಕಪಕ್ಕದ, ಇಜ್ನಿಕ್ ಊರಿನ ಬಣ್ಣದ ಹೆಂಚುಗಳನ್ನು ಕಣ್ತುಂಬ ನೋಡಿ. ಆ ದಪ್ಪ ಕೆಂಪು ಬಣ್ಣ ಆಗಷ್ಟೇ ಕುಲುಮೆಯಲ್ಲಿ ಕೈಗೆ ಹತ್ತಿದ್ದ ಕಾಲದ್ದು. ಮಸೀದಿಯ ಗೋಡೆಗಳ ಮೇಲಿನ ಬರವಣಿಗೆ ಲಿಪಿಕಲಾವಿದ ಅಹ್ಮೆತ್ ಕರಾಹಿಸಾರಿ ಮತ್ತು ಅವನ ಶಿಷ್ಯ ಹಸನ್ ಚೆಲೆಬಿಯ ಪರಂಪರೆಯದು. ಹೆಂಚು, ಬರವಣಿಗೆ ಬಿಟ್ಟರೆ ಒಳಗೆ ಅಲಂಕಾರ ಕಡಿಮೆ. ಅಷ್ಟು ಶ್ರೀಮಂತ ಸುಲ್ತಾನ, ಅಷ್ಟು ಸಂಯಮದ ಗೋಡೆಗಳು. ನನಗೆ ಈ ಮಸೀದಿ ಇಷ್ಟವಾಗುವುದು ಇದಕ್ಕಾಗಿ.

ವಾಸ್ತು ವಿದ್ಯಾರ್ಥಿ:
ಹಾಗಾದ್ರೆ ಸಿನಾನನ ಅತ್ಯುತ್ತಮ ಕೆಲಸ ಇದೇ ಅನ್ನಬಹುದಾ? ಎದಿರ್ನೆ ಊರಲ್ಲಿ ಅವನೇ ಕಟ್ಟಿದ ಸೆಲಿಮಿಯೆ ಮಸೀದಿ ಅಂತಾರಲ್ಲ ಕೆಲವರು.

ಗುಮ್ಮಟಪುರ:
ಸಿನಾನ್ ಹೇಳಿದ್ದು ಅಂತ ಒಂದು ಮಾತು ಅದ: ಶೆಹ್ಜಾದೆ ಶಿಷ್ಯನಾಗಿ, ಸುಲೇಮಾನಿಯೆ ಕೆಲಸಗಾರನಾಗಿ, ಸೆಲಿಮಿಯೆ ಉಸ್ತಾದನಾಗಿ ಕಟ್ಟಿದ್ದು. ಸೆಲಿಮಿಯೆ 1568ರಾಗ ಶುರು, 1575ರಾಗ ಮುಗೀತು. ಆಗ ಅವನಿಗೆ ಎಂಬತ್ತರ ಸುಮಾರು. ಅಲ್ಲಿ ನಾಲ್ಕು ಕಂಬ ಬಿಟ್ಟು ಎಂಟು ಕಂಬ, ದೊಡ್ಡ ಅರೆಗುಮ್ಮಟದ ಜೋಡಿನೇ ಇಲ್ಲ. 31 ಮೀಟರ್ ದಾಟಿದ ಗುಮ್ಮಟ, ನಾಲ್ಕು ಮೂಲ್ಯಾಗ 70 ಮೀಟರ್ ಮುಟ್ಟೂ ಮಿನಾರು. ಹಗಿಯಾ ಸೋಫಿಯಾಕಿಂತ ದೊಡ್ಡ ಗುಮ್ಮಟ ಕಟ್ಟಿದೆ ಅಂತ ಅವನ ಹೆಮ್ಮಿ. ಅಗಲದಾಗ ಹೆಚ್ಚೂಕಡಿಮಿ ಸಮ ಬರ್ತದ. ನೆಲದಿಂದ ಎತ್ತರ ಅಳದ್ರ ಹಗಿಯಾ ಸೋಫಿಯಾನೇ ಎತ್ತರ.

ಒದೆತ ಎಂಟು ಕಡೆ ಹಂಚಿದ್ರಿಂದ ಸೆಲಿಮಿಯೆದಾಗ ಗೋಡಿ ಹಗುರ, ಕಿಟಕಿ ಹೆಚ್ಚು. ಎಂಜಿನಿಯರ್ ಆಗಿ ಕೇಳಿದ್ರ ನಾ ಸೆಲಿಮಿಯೆ ಅಂತೀನಿ. ಆದ್ರ ಊರ ಕಟ್ಟಿದ ಹಂಗ ಕಟ್ಟಿದ್ದು ಸುಲೇಮಾನಿಯೆ. ತಮ್ಮಾ, ನೀ ಒಂದು ಕೆಲಸ ಮಾಡು. ಶೆಹ್ಜಾದೆ, ಸುಲೇಮಾನಿಯೆ, ಸೆಲಿಮಿಯೆ ಮೂರರ ನೆಲನಕ್ಷೆ ಒಂದೇ ಅಳತ್ಯಾಗ ಬರದು ಪಕ್ಕಪಕ್ಕ ಇಟ್ಟು ನೋಡು. ಗೋಡಿ, ಕಂಬ ನೆಲದ ಎಷ್ಟು ಜಾಗ ತಿಂದಾವ ಅಂತ ಬಣ್ಣ ಹಚ್ಚು. ಬರದಾದ ಮ್ಯಾಲೆ ಇಲ್ಲೇ ಹಾಕು, ಗೋಳಗುಮ್ಮಟದ ನಕ್ಷೆ ನಾ ಕೊಡ್ತೀನಿ.

ವಾಸ್ತು ವಿದ್ಯಾರ್ಥಿ:
ಖಂಡಿತ ಸರ್, ಈ ವಾರವೇ ಶುರು ಮಾಡ್ತೀನಿ. ಹಗಿಯಾ ಸೋಫಿಯಾದ್ದನ್ನೂ ಸೇರಿಸ್ತೀನಿ.

ಕಡಲತಡಿ:
ಹೋಗುವವರಿಗೆ ಒಂದು ಮಾತು. ನಮಾಜಿನ ಹೊತ್ತಿನಲ್ಲಿ ಪ್ರವಾಸಿಗರನ್ನು ಒಳಗೆ ಬಿಡುವುದಿಲ್ಲ, ಆಗ ಹಿಂದಿನ ತೋಟಕ್ಕೆ ಹೋಗಿ. ಸುಲೇಮಾನ್ 1566ರಲ್ಲಿ ಹಂಗೇರಿಯ ಯುದ್ಧದಲ್ಲಿ ತೀರಿಕೊಂಡವನು, ಅವನ ಗೋರಿ ಅಲ್ಲಿದೆ. 1558ರಲ್ಲಿ ತೀರಿಕೊಂಡ ಹೆಂಡತಿ ಹುರ್ರೆಮಳ ಗೋರಿ ಪಕ್ಕದಲ್ಲಿ. ಎರಡೂ ಎಂಟು ಮೂಲೆಯ ಕಟ್ಟಡ, ಒಳಗೆ ಹೆಂಚಿನ ಕೆಲಸ ನೋಡಲೇಬೇಕು. ಅಲ್ಲಿಂದ ಆವರಣದ ಉತ್ತರದ ಮೂಲೆಗೆ ನಡೆದು ಹೊರಗೆ ಬಂದರೆ ರಸ್ತೆ ಕೂಡುವಲ್ಲಿ ಒಂದು ಸಣ್ಣ ಗೋರಿ, ಮುಂದೆ ನೀರು ಕೊಡುವ ಕಟ್ಟೆ. ಅದು ಸಿನಾನನದು. ಗೋರಿಯ ಶಾಸನ ಬರೆದವರು ಅದೇ ಸಾಯಿ ಮುಸ್ತಫಾ ಚೆಲೆಬಿ, ಅದರಲ್ಲಿ ಬುಯುಕ್‌ಚೆಕ್ಮೆಜೆಯ ಸೇತುವೆಯ ಹೆಸರು ಎತ್ತಿ ಹೇಳಿದ್ದಾರೆ. ಬಹಳ ಜನ ಗಮನಿಸದೆ ದಾಟಿಹೋಗುತ್ತಾರೆ, ನೀವು ನಿಂತು ನೋಡಿ.